ಹೆಪ್ಪುಗಟ್ಟದ ಹಾಲು

ಮೂರನೆಯ ಲೋಟವನ್ನು ಓರೆ ಮಾಡಿದಾಗ ಹಾಲು ಜಾರಿ ಅಂಚಿಗೆ ಬಂತು.

ದೇವಮ್ಮ ಮತ್ತೊಮ್ಮೆ ಓರೆ ಮಾಡಿದರು. ಹಾಲು ಹಾಲಾಗಿಯೇ ಇತ್ತು. ಪಕ್ಕದ ಎರಡು ಲೋಟಗಳಲ್ಲಿ ಮೊಸರು ಗಟ್ಟಿಯಾಗಿ ಕೂತಿತ್ತು. ಬೆರಳಲ್ಲಿ ಒತ್ತಿದರೆ ಬೆರಳಚ್ಚು ನಿಲ್ಲುವಷ್ಟು ಗಟ್ಟಿ.

"ಇದ್ಯಾವ ಹೆಪ್ಪು ಸ್ವಾಮಿ?" ಎಂದರು. "ಕಲ್ಲು ಹಾಕಿದ್ರೂ ಇಷ್ಟು ಹೊತ್ತಿಗೆ ಏನಾದ್ರೂ ಆಗ್ಬೇಕಿತ್ತು."

ಝಕರಿಯಾ ಬಗ್ಗಿ ಲೋಟದೊಳಗೆ ನೋಡಿದ. ನಿನ್ನೆ ಸಂಜೆ ಒಂದೇ ಪಾತ್ರೆಯ ಹಾಲನ್ನು ಮೂರು ಲೋಟಕ್ಕೆ ಹೊಯ್ಯಿಸಿ, ಬಾಯಿಗೆ ಕಾಗದ ಕಟ್ಟಿ, ಗಂಟಿನ ಮೇಲೆ ಮೇಣ ಹನಿಸಿ ಹೋದವನು ಅವನೇ. ಇಂದು ಬೆಳಿಗ್ಗೆ ಬಂದು ಮೇಣ ಒಡೆದವನೂ ಅವನೇ. ನಡುವೆ ಯಾರೂ ಕೈ ಹಾಕಿರಲಿಲ್ಲ.

ಮೊದಲ ಲೋಟಕ್ಕೆ ಹಾಕಿದ್ದು ಮನೆಯ ಮೊಸರು. ಎರಡನೆಯದಕ್ಕೆ ಹಳೆಯ ಶೀಷೆಯ ಕ್ಯಾಪ್ಸೂಲಿನ ಪುಡಿ. ಮೂರನೆಯದಕ್ಕೆ ಹೊಸ ಶೀಷೆಯದು. ಎರಡೂ ಒಂದೇ ಕ್ಲಿನಿಕ್ಕಿನವು, ಒಂದೇ ಮದ್ದು, ಒಂದೇ ಬಣ್ಣದ ಕ್ಯಾಪ್ಸೂಲು.

ಈ ಮನೆಯ ಯಜಮಾನ ನಂಜುಂಡಸ್ವಾಮಿ, ಕಿಡ್ನಿ ಸೋಲುತ್ತ ಬಂದಿದ್ದ ಇಂಜಿನಿಯರು, ಹೋದ ವಾರ ಮಜ್ಜಿಗೆ ಅನ್ನ ಉಣ್ಣುತ್ತಿದ್ದಂತೆಯೇ ಎದೆ ನಿಂತು ಬಿದ್ದಿದ್ದರು. ಆಸ್ಪತ್ರೆಯವರು ಎದೆಯನ್ನು ಮತ್ತೆ ಬಡಿಯುವಂತೆ ಮಾಡಿದ್ದರು. ಕಣ್ಣು ತೆರೆಸಲು ಇನ್ನೂ ಆಗಿರಲಿಲ್ಲ. ರಕ್ತದಲ್ಲಿ ಪೊಟ್ಯಾಶಿಯಂ ಮಿತಿಮೀರಿತ್ತು. ಪಥ್ಯ ಕೆಡಿಸಿದವಳು ಹೆಂಡತಿಯೇ ಎಂದು ಕ್ಲಿನಿಕ್ಕಿನ ಡಾಕ್ಟರು ಹೇಳಿದ್ದರು. ಅದೇ ಮಾತನ್ನು, ತನಿಖೆಗೆ ಬಂದಿದ್ದ ಝಕರಿಯಾ ತನ್ನ ವಿಮಾ ಕಂಪನಿಗೆ ಬರೆದುಕೊಟ್ಟರೆ ದೇವಮ್ಮನನ್ನು ಪೊಲೀಸ್ ಠಾಣೆಗೆ ಕರೆಯುವುದು ಖಂಡಿತ.

ಠಾಣೆಗಿಂತ ದೊಡ್ಡ ಸಂಕಟ ಮನೆಯೊಳಗೇ ಇತ್ತು. ಒಳಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದ ಮಗಳು ಅಪೇಕ್ಷಾ, ಅಪ್ಪ ಬಿದ್ದ ದಿನದಿಂದ ಅಮ್ಮನ ಜೊತೆ ಮಾತು ಬಿಟ್ಟಿದ್ದಳು.

"ಹಳೇ ಶೀಷೆ ಖಾಲಿಯಾಗಿತ್ತು ಅಂದ್ರಿ. ಮತ್ತೆ ಈ ಕ್ಯಾಪ್ಸೂಲ್ ಎಲ್ಲಿಂದ ಬಂತು?" ಝಕರಿಯಾ ಎರಡನೆಯ ಲೋಟ ತೋರಿಸಿ ಕೇಳಿದ.

"ಹೆಪ್ಪಿಗೇಂತ ಎತ್ತಿಟ್ಟಿದ್ದೆ. ಬಿತ್ತನೆಗೆ ಇಟ್ಟ ರಾಗೀನ ಹೊಟ್ಟೆಗಿಲ್ಲದಿದ್ರೂ ಬೀಸಕ್ಕೆ ಹಾಕ್ತೀವಾ? ಹಂಗೆ."

"ಮದ್ದಿನಲ್ಲಿ ಮೊಸರು ಮಾಡುವ ಉಪಾಯ ಯಾರದ್ದು?"

ದೇವಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಡಾಕ್ಟ್ರೇ ಹೇಳಿದ್ರಲ್ಲ, ಅದ್ರೊಳಗೆ ಇರೋದು ಜೀವ ಇರೋ ಕ್ರಿಮಿ, ಮೊಸರಿನ ಜಾತೀವೇ ಅಂತ. ಕಿಡ್ನಿ ಸೋಸಕ್ಕಾಗದೆ ಬಿಟ್ಟ ಕೊಳೇನ ಕರುಳಲ್ಲಿ ಕೂತು ತಿಂತವಂತೆ. ನಮ್ಮೂರ ತಿಪ್ಪೇಲಿ ಕಸ ಕರಗಲ್ವಾ, ಹಂಗೇ ಅಂದ್ಕೊಂಡೆ. ಜೀವ ಐತೆ ಅಂದ್ಮೇಲೆ ಹಾಲಿಗೆ ಹಾಕುದ್ರೆ ಬೆಳೀಬೇಕಲ್ಲ? ಬೆಳೀತು."

ಹಳ್ಳಿಯಲ್ಲಿ ಹೊಲ, ಎರಡು ಎಮ್ಮೆ, ಅಟ್ಟದ ಮೇಲೆ ರಾಗಿ ಇದ್ದ ಮನೆಯಿಂದ ಬಂದ ಹೆಂಗಸು ಅವರು. ಕೊಲ್ಲಿಯ ದ್ವೀಪದಲ್ಲಿ, ಗುದೈಬಿಯಾದ ಈ ಫ್ಲ್ಯಾಟಿಗೆ ಬಂದು ವರ್ಷಗಳೇ ಆಗಿದ್ದರೂ ಅಡುಗೆಮನೆಯಲ್ಲಿ ಹೆಪ್ಪು ಸತ್ತಿರಲಿಲ್ಲ. ಊರಿಗೆ ರಜೆಗೆ ಹೋಗುವಾಗ ಅದನ್ನು ಕೆಳಗಿನ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯವನ ಫ್ರಿಜ್ಜಿನಲ್ಲಿ ಬಿಟ್ಟು ಹೋಗುತ್ತಿದ್ದರಂತೆ.

"ಕ್ಯಾಪ್ಸೂಲ್ ಹಾಗೇ ನುಂಗಿಸಲಿಲ್ಲ ಯಾಕೆ?"

"ಹೊರಗಿನ ಸಿಪ್ಪೆ ದನದ ಮೂಳೇಲಿ ಮಾಡ್ತಾರಂತೆ. ನಾವು ಲಿಂಗ ಕಟ್ಟಿದೋರು ಸ್ವಾಮಿ. ಹೆಂಗೆ ಬಾಯಿಗೆ ಹಾಕ್ಲಿ?"

ಶೆಲ್ಫಿನ ಮೂಲೆಯಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದರು. ಒಳಗೆ ಖಾಲಿ ಸಿಪ್ಪೆಗಳು, ಮೀನಿನ ಪೊರೆಯ ಹಾಗೆ ಮಿಣುಗುತ್ತಿದ್ದವು. ದನದ್ದೆಂದ ಮೇಲೆ ಕಸದ ಬುಟ್ಟಿಗೆ ಎಸೆಯಲು ಮನಸ್ಸು ಒಪ್ಪಿರಲಿಲ್ಲ. ಒಂದು ದಿನ ಸಮುದ್ರಕ್ಕೆ ಬಿಡೋಣವೆಂದು ಕೂಡಿಟ್ಟಿದ್ದರು.

ಝಕರಿಯಾ ಒಂದು ಹಿಡಿ ಸಿಪ್ಪೆಯನ್ನು ಕಿಟಕಿಯ ಬಿಸಿಲಿಗೆ ಹರವಿದ. ಕೆಲವುಗಳ ಅಂಚು ಚಾಕುವಿನಿಂದ ಕಚ್ಚಾಗಿತ್ತು. ಕೆಲವುಗಳ ಅಂಚು ಕನ್ನಡಿಯಂತೆ ನಯ.

"ಇದೆಂತದು? ಕೆಲವು ಕುಯ್ದಿದ್ದೀರಿ, ಕೆಲವು ಇಲ್ಲ."

"ಹಳೇವು ಬಿಗಿ. ಚಾಕು ಇಲ್ದೆ ಬಿಚ್ತಾನೇ ಇರ್ಲಿಲ್ಲ. ಹೊಸ ಶೀಷೇವು ಮುಟ್ಟುದ್ರೆ ಸಾಕು, ಕಡಲೆಕಾಯಿ ಬಿಡಿಸ್ಕೊಂಡಂಗೆ."

ಝಕರಿಯಾನ ಬೆರಳು ನಿಂತಿತು. ಕಾರ್ಖಾನೆಯಲ್ಲಿ ಕಚ್ಚಿ ಕೂರಿಸಿದ ಕ್ಯಾಪ್ಸೂಲು ತಾನಾಗಿ ಸಡಿಲವಾಗುವುದಿಲ್ಲ. ದೇವಮ್ಮನ ಕೈಗೆ ಬರುವ ಮೊದಲೇ ಯಾರೋ ಅವನ್ನು ಬಿಚ್ಚಿ ಮತ್ತೆ ಮುಚ್ಚಿದ್ದರು.

ಅವನು ಹೊಸ ಶೀಷೆಯನ್ನು ಎತ್ತಿ ತಿರುಗಿಸಿದ. ರೋಗಿಯ ಹೆಸರಿನ ಚೀಟಿ ಇರಬೇಕಾದ ಜಾಗದಲ್ಲಿ ಅಂಟಿನ ಕಲೆ ಮಾತ್ರ ಇತ್ತು.

"ಚೀಟಿ ಎಲ್ಲಿ?"

"ನೀರಾಗಿ ಉದುರೋಯ್ತು," ಎಂದರು ದೇವಮ್ಮ. ಹೇಳುವಾಗ ಅವರು ನೋಡುತ್ತಿದ್ದುದು ಒಲೆಯ ಕಡೆಗೆ.

ಅಷ್ಟರಲ್ಲಿ ಫೋನು ಬಂತು. ಸೀಫ್‌ನ ಆಫೀಸಿನಲ್ಲಿ ಝಕರಿಯಾನ ಮೇಲಿನವರು, ಅಬ್ದುಲ್ ಲತೀಫ್. ಅವನಿಗೆ ಈ ಊರಿನ ವೀಸಾ ಮಾಡಿಸಿ ತಂದವರು. ಈ ಕ್ಲಿನಿಕ್ಕಿನ ಚಿಕಿತ್ಸೆಯನ್ನು ವಿಮೆಗೆ ಸೇರಿಸಲು ಓಡಾಡಿದವರೂ, ಝಕರಿಯಾನ ತಾಯಿಯ ಹೆಸರಿಗೆ ಜೀವವಿಮೆ ಮಾಡಿಸಿ ಕಾಗದಗಳನ್ನು ತಮ್ಮಲ್ಲೇ ಇಟ್ಟುಕೊಂಡವರೂ ಅವರೇ.

"ಶುಕ್ರವಾರವೂ ಎಂತ ಕೆಲಸ ಮಾರಾಯ ನಿಂದು? ಹೆಂಗಸು ಪಥ್ಯ ಕೆಡಿಸಿದ್ಲು, ಡಾಕ್ಟ್ರು ಹೇಳಿಯಾಯ್ತು. ಬರೆದು ಮುಗಿಸು, ಖಲಾಸ್."

"ಇನ್ನು ಸ್ವಲ್ಪ ಉಂಟು ಲತೀಫಾಕ."

"ಆಯ್ತು, ಆಯ್ತು. ನಿನ್ನ ಉಮ್ಮ ಹೇಗಿದ್ದಾರೆ? ಜುಮ್ಮಾ ನಮಾಜಿಗೆ ಮೊದಲು ನನಗೆ ಹಮದ್ ಟೌನ್ ಕಡೆ ಹೋಗ್ಲಿಕ್ಕೆ ಉಂಟು. ಅವರನ್ನೂ ನೋಡಿ ಬರ್ತೇನೆ."

ಝಕರಿಯಾ ಸಲಾಂ ಹೇಳಿ ಫೋನು ಇಟ್ಟ. ಬಾಗಿಲ ಕರೆಗಂಟೆ ಸದ್ದಾಯಿತು.

ಡಾಕ್ಟರ್ ಅಭಿನಂದನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಬೆಂಗಳೂರಿನವರು, ಕರುಳಿನ ಕ್ರಿಮಿಗಳಿಂದ ಕಿಡ್ನಿಯ ಭಾರ ಇಳಿಸಬಹುದೆಂಬ ಚಿಕಿತ್ಸೆಯನ್ನು ಈ ದ್ವೀಪಕ್ಕೆ ತಂದವರು. ಅದು ಎಷ್ಟರಮಟ್ಟಿಗೆ ಫಲಿಸುತ್ತದೆಂದು ಅವರೂ ಪೂರ್ತಿ ಅರಿತಿರಲಿಲ್ಲ. ಡಯಾಲಿಸಿಸ್ಸಿನ ಹೆಸರು ಕೇಳಿದರೇ ನಡುಗುವವರು ಮಾತ್ರ ಅವರ ಬಾಗಿಲಲ್ಲಿ ಸಾಲಾಗಿ ಕೂರುತ್ತಿದ್ದರು.

ಅಡುಗೆಮನೆಯ ಕಟ್ಟೆಯ ಮೇಲಿನ ಲೋಟಗಳನ್ನು ಕಂಡು ಅವರು ಹುಬ್ಬೇರಿಸಿದರು. "ಮಿಸ್ಟರ್ ಝಕರಿಯಾ, ಬ್ರೇಕ್‌ಫಾಸ್ಟಿಗೆ ಕರೆದ್ರಾ ನನ್ನ?"

"ಕೂತ್ಕೊಳ್ಳಿ ಡಾಕ್ಟ್ರೇ. ಇದು ನಿಮ್ಮ ಮದ್ದಿನ ಮೊಸರು. ಇದೂ ನಿಮ್ಮ ಮದ್ದಿಂದೇ, ಆದ್ರೆ ಮೊಸರಾಗ್ಲಿಲ್ಲ."

"ಸೀ, ಇದೆಲ್ಲ ಸೈನ್ಸ್ ಅಲ್ಲ. ಈ ಅಮ್ಮ ಕ್ಯಾಪ್ಸೂಲ್ ಓಪನ್ ಮಾಡಿ ಮಜ್ಜಿಗೆಗೆ ಹಾಕ್ತಿದ್ರು ಅಂತ ನನಗೆ ಗೊತ್ತಾಗಿದ್ದೇ ಆಸ್ಪತ್ರೆಯಲ್ಲಿ. ಹೊಟ್ಟೆಯ ಆ್ಯಸಿಡ್ಡಿಗೆ ಸಿಕ್ಕಿ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತೆ. ಟ್ರೀಟ್‌ಮೆಂಟ್ ಹಾಳು ಮಾಡಿದ್ದೂ ಇವ್ರೇ, ಡಯೆಟ್ ಹಾಳು ಮಾಡಿದ್ದೂ ಇವ್ರೇ."

"ನಾನೇನ್ ಹಾಳು ಮಾಡಿದೆ?" ದೇವಮ್ಮ ಡಾಕ್ಟರ ಮುಂದೆ ಬಂದು ನಿಂತರು. "ನೀವು ಬೇಡ ಅಂದ ಎಳನೀರು ಕೊಟ್ಟೆನಾ? ಬಾಳೆಹಣ್ಣು ಕೊಟ್ಟೆನಾ? ತರಕಾರಿ ಬೇಯಿಸಿ ನೀರು ಬಸಿದು ಹಾಕ್ತಿದ್ದೆ. ಆ ಸಪ್ಪೆ ಊಟಾನ ನಾಯೀನೂ ಮೂಸ್ತಿರ್ಲಿಲ್ಲ. ಅವ್ರು ಉಂಡ್ರು, ಅವ್ರ ಜೊತೆ ನಾನೂ ಉಂಡೆ."

"ಹಾಗಾದ್ರೆ ಮಜ್ಜಿಗೆಗೆ ಉಪ್ಪು ಹಾಕಿದ್ದು ಯಾರು?" ಡಾಕ್ಟರು ಮೇಜಿನ ಮೇಲೆ ಬೆರಳು ಕುಟ್ಟಿದರು. "ಬೀಳೋ ಹಿಂದಿನ ದಿನ ಸ್ವಾಮಿಯವರೇ ನನಗೆ ಫೋನ್ ಮಾಡಿ ನಗ್ತಿದ್ರು. 'ನಮ್ಮನೆಯವಳಿಗೆ ಪಾಪ ನನ್ನ ಮೇಲೆ ಕರುಣೆ ಬಂದಿದೆ ಡಾಕ್ಟ್ರೇ, ಕದ್ದು ಉಪ್ಪು ಹಾಕ್ತಿದ್ದಾಳೆ' ಅಂತ."

ಒಳಕೋಣೆಯ ಬಾಗಿಲು ತೆರೆಯಿತು. ಅಪೇಕ್ಷಾ ನಿಂತಿದ್ದಳು. ಕಣ್ಣು ಊದಿಕೊಂಡಿತ್ತು.

"ಯೆಸ್. ಪಪ್ಪ ನನಗೂ ಹೇಳಿದ್ರು. ನಾನೂ ಟೇಸ್ಟ್ ಮಾಡಿದೆ. ಇಟ್ ವಾಸ್ ಸಾಲ್ಟಿ. ಕೇಳಿದ್ರೆ ಅಮ್ಮ ಇಲ್ಲ ಅಂತ ಸುಳ್ಳು ಹೇಳ್ತಾಳೆ."

"ಹಾಕಿಲ್ಲ ಕಣವ್ವ. ನಿನ್ನಾಣೆ."

"ಡೋಂಟ್! ನನ್ನಾಣೆ ಹಾಕ್ಬೇಡ."

ದೇವಮ್ಮ ಅಲ್ಲೇ ನೆಲಕ್ಕೆ ಕುಸಿದು ಕೂತರು. ಅಳಲಿಲ್ಲ. ಕಾಯಿಲೆಯಿಂದ ಗಂಡನ ನಾಲಿಗೆ ಕೆಟ್ಟಿದೆ ಎಂದುಕೊಂಡಿದ್ದರು. ಮಗಳ ನಾಲಿಗೆಗೆ ಯಾವ ಕಾಯಿಲೆ ಎಂದು ಅವರಿಗೆ ತಿಳಿಯಲಿಲ್ಲ.

ಝಕರಿಯಾ ಮೂರನೆಯ ಲೋಟವನ್ನೇ ನೋಡುತ್ತಿದ್ದ. ಉಪ್ಪು ಹಾಕಿದವರಿಲ್ಲ, ಉಪ್ಪಾಗಿದೆ. ಹೆಪ್ಪು ಹಾಕಿದೆ, ಮೊಸರಿಲ್ಲ. ಎರಡೂ ಹೊಸ ಶೀಷೆ ಬಂದ ಮೇಲಿನ ಮಾತು.

ಶೀಷೆಯಿಂದ ಒಂದು ಕ್ಯಾಪ್ಸೂಲು ತೆಗೆದು ಬಿಚ್ಚಿದ. ಪುಡಿಯನ್ನು ಬಿಳಿ ತಟ್ಟೆಗೆ ಸುರಿದು ಡಾಕ್ಟರ ಮುಂದೆ ತಳ್ಳಿದ.

"ನಿಮ್ಮ ಮದ್ದು. ನೆಕ್ಕಿ ನೋಡಿ."

"ವಾಟ್ ನಾನ್ಸೆನ್ಸ್."

"ಹೆದರಿಕೆಯಾ?"

ಡಾಕ್ಟರ ಮುಖ ಕೆಂಪಾಯಿತು. ತಟ್ಟನೆ ಬೆರಳ ತುದಿಯಲ್ಲಿ ಒಂದಿಷ್ಟು ಪುಡಿ ಒತ್ತಿ ನಾಲಿಗೆಗೆ ಹಚ್ಚಿಕೊಂಡರು.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಆ ಮುಖದ ರಕ್ತ ಇಳಿಯುತ್ತ ಹೋಯಿತು. ಎದ್ದು ಸಿಂಕಿಗೆ ಉಗುಳಿದರು. ತಟ್ಟೆಯನ್ನು ಬಿಸಿಲಿಗೆ ಹಿಡಿದರು. ಪುಡಿಯಲ್ಲಿ ಸಣ್ಣ ಸಣ್ಣ ಹರಳು ಹೊಳೆಯಿತು.

"ಇದು ನಮ್ಮ ಪುಡಿ ಅಲ್ಲ," ಎಂದರು. ದನಿ ಅವರದೇ ಅನ್ನಿಸುವಂತಿರಲಿಲ್ಲ. "ನಮ್ಮದು ಹಿಟ್ಟಿನ ಥರ, ಸ್ವಲ್ಪ ಸಿಹಿ. ಇದು ಉಪ್ಪು. ಹಿಂದೆಯೇ ಕಹಿ. ಓ ಗಾಡ್... ಪೊಟ್ಯಾಶಿಯಂ ಕ್ಲೋರೈಡ್ ಇರಬೇಕು. ಬಿಪಿ ಇರೋರಿಗೆ ಅಂತ ಬದಲಿ ಉಪ್ಪು ಮಾರ್ತಾರಲ್ಲ, ಅದರಲ್ಲಿರೋದು."

"ಪೊಟ್ಯಾಷಾ?" ದೇವಮ್ಮ ನೆಲದಿಂದಲೇ ಕೇಳಿದರು. "ಕಬ್ಬಿಗೆ ಹಾಕೋ ಗೊಬ್ಬರ?"

"ಅದೇ ಅಮ್ಮ. ಅದೇ."

"ದಿನಾ ಬೆಳಿಗ್ಗೆ ಸಂಜೆ..." ದೇವಮ್ಮ ತಮ್ಮ ಎರಡೂ ಕೈ ಎತ್ತಿ ನೋಡಿಕೊಂಡರು, ಬೇರೆ ಯಾರದೋ ಕೈ ಎಂಬಂತೆ. "ನಾನೇ ಕಡೆದು ಕೊಟ್ಟೆನಲ್ಲ. ಕೊನೇ ತೊಟ್ಟೂ ಬಿಡಬ್ಯಾಡಿ, ಔಷಧಿ ಐತೆ ಅಂತ ಗದರಿಸಿ ಕುಡಿಸ್ದೆನಲ್ಲ!"

ಕೆಳಗೆ ರಸ್ತೆಯಲ್ಲಿ ಟ್ಯಾಕ್ಸಿಯೊಂದು ಹಾರನ್ನು ಹೊಡೆಯುತ್ತಲೇ ಇತ್ತು.

ಅಪೇಕ್ಷಾ ಬಂದು ತಟ್ಟೆಗೆ ಬೆರಳು ಮುಟ್ಟಿಸಿ ಬಾಯಿಗಿಟ್ಟಳು. ಅದೇ ರುಚಿ. ಅವಳು ಅಮ್ಮನ ಪಕ್ಕ ನೆಲದ ಮೇಲೆ ಕೂತು, ಆ ಎರಡು ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ದೇವಮ್ಮ ಆಗ ಅತ್ತರು.

ಝಕರಿಯಾ ಅಳು ತಗ್ಗುವವರೆಗೆ ಕಾದ.

"ಡಾಕ್ಟ್ರೇ, ಕ್ಯಾಪ್ಸೂಲ್ ಇಡಿಯಾಗಿ ನುಂಗಿದ್ರೆ ಒಳಗಿನ ರುಚಿ ಗೊತ್ತಾಗ್ತದಾ?"

"ಇಲ್ಲ. ಅದಕ್ಕೇ ತಾನೇ ಕ್ಯಾಪ್ಸೂಲ್."

"ಅಲ್ವಾ? ಇದನ್ನು ತುಂಬಿಸಿದವನಿಗೂ ಅದೇ ಧೈರ್ಯ. ಉಪ್ಪು ನಾಲಿಗೆಗೆ ಸಿಗುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಈ ಮನೆಯಲ್ಲಿ ಬಿಚ್ಚಿ ಮಜ್ಜಿಗೆಗೆ ಹಾಕ್ತಾರೆ ಅಂತ ಗೊತ್ತಿದ್ದವರು ಈ ಕೆಲಸ ಮಾಡ್ಲಿಕ್ಕಿಲ್ಲ. ದೇವಮ್ಮನವರು ಖಂಡಿತ ಅಲ್ಲ. ಮಾಡಿದವನಿಗೆ ಅದು ಗೊತ್ತಿರಲಿಲ್ಲ."

ಅವನು ಡಾಕ್ಟರ ಕಣ್ಣನ್ನೇ ನೋಡಿದ. "ಆಸ್ಪತ್ರೆಗೆ ಹೋಗುವವರೆಗೆ ನನಗೆ ಗೊತ್ತಿರಲಿಲ್ಲ ಅಂತ ಈಗಷ್ಟೇ ನೀವೇ ಹೇಳಿದ್ರಿ."

"ಆರ್ ಯು ಮ್ಯಾಡ್?" ಅಭಿನಂದನ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ನನ್ನ ಪೇಷಂಟನ್ನ ನಾನೇ ಕೊಲ್ಲೋಕಾ? ನನ್ನ ಮದ್ದಿಂದಲೇ? ಕೇಳಿ. ಆ ಹಳೆ ಶೀಷೆ ಕೊಟ್ಟಿದ್ದು ನಾನೇ. ಎರಡನೇದು ಕೊಡೋಕೆ ಇನ್ನೂ ದಿನ ಇದೆ. ಅವಧಿಗೆ ಮೊದಲು ಯಾರಿಗೂ ಕೊಡೋದಿಲ್ಲ. ಹೊಸ ಶೀಷೆ ಅಂತೀರಲ್ಲ, ಆ ಶೀಷೆ ನಾನು ಸ್ವಾಮಿಯವರಿಗೆ ಕೊಟ್ಟೇ ಇಲ್ಲ!"

ಎಲ್ಲರ ಕಣ್ಣೂ ದೇವಮ್ಮನ ಮೇಲೆ ಬಿತ್ತು.

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಅಪೇಕ್ಷಾ ಮೆಲ್ಲಗೆ ಕೈ ಅಲುಗಿಸಿದಳು. "ಅಮ್ಮ. ಹೇಳು. ಪ್ಲೀಸ್."

"ಮೊಸರಿಗೆ ಹೆಪ್ಪು ಹಾಕಿ ಹಾಕಿ ನಮ್ಮ ಶೀಷೆ ಬೇಗ ಮುಗೀತು," ದೇವಮ್ಮ ಹೇಳತೊಡಗಿದರು. "ಕ್ಲಿನಿಕ್ಕಲ್ಲಿ ಕೇಳುದ್ರೆ ಬೈತಾರೆ. ಅಲ್ಲಿ ಕಾಯೋ ಬೆಂಚಲ್ಲಿ ಒಬ್ರು ಸಿಕ್ತಿದ್ರು. ವಯಸ್ಸಾದೋರು, ತಲೆ ಮೇಲೆ ಬಿಳೀ ಬಟ್ಟೆ. ಸಿಪ್ಪೆ ಬಿಚ್ಚಿ ಹಾಕು ಅಂತ ಹೇಳ್ಕೊಟ್ಟೋರೇ ಅವ್ರು. ನಾನು ದನದ್ದು ಅಂತ ಹೆದ್ರುದ್ರೆ ಅವ್ರು ಹಂದೀದು ಅಂತ ಹೆದ್ರೋರು. 'ಯಾವ್ದಾದ್ರೂ ಆಗ್ಲಿ, ಇಬ್ರಿಗೂ ಬೇಡ' ಅಂತ ಇಬ್ರೂ ನಕ್ಕಿದ್ವಿ."

ಝಕರಿಯಾ ಕಟ್ಟೆಗೆ ಕೈ ಊರಿದ.

"ನಮ್ದು ಮುಗೀತು ಅಂದಾಗ, 'ಹೆಪ್ಪು ಕೇಳಿದೋರಿಗೆ ಇಲ್ಲ ಅನ್ನಬಾರ್ದು' ಅಂತ ಆಗಷ್ಟೇ ಮನೆಗೆ ಬಂದಿದ್ದ ಅವ್ರ ಹೊಸ ಶೀಷೇನೇ ಚೀಲದಿಂದ ತೆಗ್ದು ಕೊಟ್ರು. ಮರೆತು ಮರೆತು ಉಳಿದಿದ್ದ ಹಳೇದು ಅವ್ರ ಹತ್ರ ಇನ್ನೂ ಇತ್ತಂತೆ. 'ನನ್ನ ಮಗನಿಗೆ ಗೊತ್ತಾದ್ರೆ ಗಲಾಟೆ ಮಾಡ್ತಾನೆ, ಬಾಯಿ ಬಿಡಬೇಡ' ಅಂತ ಕೈ ಹಿಡ್ಕೊಂಡ್ರು. ಬಿಸಿನೀರಲ್ಲಿ ಚೀಟಿ ತೆಗ್ದೋಳು ನಾನೇ."

"ಹೆಸರೇನು ಅವರದು?" ಡಾಕ್ಟರು ಕೇಳಿದರು.

ದೇವಮ್ಮ ಡಾಕ್ಟರ ಕಡೆ ತಿರುಗಲಿಲ್ಲ.

"ನೀವು ಮೊದ್ಲ ದಿನ ನಮ್ಮನೇಗೆ ಬಂದಾಗ್ಲೇ ಮುಖ ನೋಡಿ ಗೊತ್ತಾಯ್ತು ಸ್ವಾಮಿ. ಅವ್ರ ಫೋನಲ್ಲಿ ನಿಮ್ಮ ಫೋಟೋ ತೋರ್ಸಿದ್ರು. ಮಾತು ಕೊಟ್ಟಿದ್ದೆ, ಹೆಂಗೆ ಹೇಳ್ಲಿ? ಆ ಶೀಷೆ ನಿಮ್ಮ ತಾಯೀದು. ಐಸಮ್ಮನೋರ್ದು."

ಝಕರಿಯಾ ಜೇಬಿನಿಂದ ಫೋನು ತೆಗೆದ. ನಂಜುಂಡಸ್ವಾಮಿಯವರನ್ನು ಯಾರು, ಏಕೆ ಕೊಲ್ಲಬೇಕೆಂದು ಬೆಳಿಗ್ಗೆಯಿಂದ ತಲೆ ಕೆಡಿಸಿಕೊಂಡಿದ್ದ. ಅವರನ್ನು ಯಾರೂ ಕೊಲ್ಲಹೊರಟಿರಲಿಲ್ಲ.

"ನಿಮ್ಮ ಮದರ್..." ಅಭಿನಂದನ್ ತೊದಲಿದರು. "ಅವರ ಕಿಡ್ನಿ ಸ್ವಾಮಿಯವರದಕ್ಕಿಂತ ವೀಕ್. ಹಾರ್ಟೂ ಸರಿ ಇಲ್ಲ. ಅವರ ಎದೆ ನಿಲ್ಲೋಕೆ ಇಷ್ಟು ದಿನ ಬೇಕಾಗೋದಿಲ್ಲ. ಬೇರೆ ಯಾವ ಶೀಷೆಯನ್ನೂ ಮುಟ್ಟಬೇಡಿ ಅನ್ನಿ. ಈಗಲೇ ಹೇಳಿ!"

ಝಕರಿಯಾನ ಹೆಬ್ಬೆರಳು ಗುಂಡಿಗಳ ಮೇಲೆ ಜಾರಿತು. ಮನೆ ಹಮದ್ ಟೌನಿನಲ್ಲಿ. ಎಷ್ಟು ಜೋರಾಗಿ ಕಾರು ಓಡಿಸಿದರೂ ತಲುಪಲು ಹೊತ್ತು ಬೇಕು. ಫೋನು ರಿಂಗಾಯಿತು. ಮತ್ತೆ ರಿಂಗಾಯಿತು.

"ಹಲೋ, ಎಂತ ಮೋನೆ?" ಐಸಮ್ಮನ ದನಿ ಎಂದಿನಂತೆ ನಿಧಾನವಾಗಿತ್ತು.

"ಉಮ್ಮ, ಮದ್ದು ತಗೊಂಡ್ರಾ ಇವತ್ತು?"

"ತಗೊಳ್ಳದೆ ಮತ್ತೆ? ಹಳೇದು ನಿನ್ನೆಗೆ ಮುಗಿದಿತ್ತು. ಹೊಸ ಶೀಷೆ ಈಗಷ್ಟೇ ಬಂತು. ಕ್ಲಿನಿಕ್ ನಿಮ್ಮ ಆಫೀಸಿನ ಹತ್ತಿರವೇ ಅಲ್ವಾ, ನಿನಗೆ ಪುರುಸೊತ್ತಿಲ್ಲದಾಗ ಯಾವಾಗಲೂ ಅವರೇ ಅಲ್ವಾ ತರುವುದು?" ಅವರು ದನಿ ತಗ್ಗಿಸಿದರು. "ನಾನು ಅದನ್ನು ಬಿಚ್ಚಿ ಮಜ್ಜಿಗೆಗೆ ಹಾಕುವುದು ನೋಡಿ ಅವರ ಮುಖ ಒಂದು ನಮೂನೆ ಆಯ್ತು ಮಾರಾಯ. ಹಾಗೇ ನುಂಗಿ, ಹಾಗೇ ನುಂಗಿ ಅಂತ ಎರಡು ಸಲ ಹೇಳಿದ್ರು. ನೀನು ಬೈಬೇಡ ಆಯ್ತಾ?"

"ಉಮ್ಮ, ಕುಡಿದ್ರಾ? ಕುಡಿದು ಆಯ್ತಾ?"

"ಆಯ್ತು ಮೋನೆ, ಪೂರ್ತಿ ಕುಡಿದೆ. ಆದ್ರೆ ನಿನ್ನ ಹೆಂಡತಿಗೆ ಎಂತ ಆಗಿದೆ ಕೇಳು. ಇಷ್ಟು ದಿನ ಸಪ್ಪೆ ಕೊಟ್ಟವಳು ಇವತ್ತು ಮಜ್ಜಿಗೆಗೆ ಉಪ್ಪು ಹಾಕಿದ್ದಾಳೆ. ಕೇಳಿದ್ರೆ ಇಲ್ಲ ಅಂತಾಳೆ ಅಫೀಫಾ."

ಡಾಕ್ಟರು ಝಕರಿಯಾನ ಮುಖ ನೋಡಿ ತಮ್ಮ ಫೋನಿನಲ್ಲಿ ಆಂಬ್ಯುಲೆನ್ಸಿಗೆ ಕರೆ ಮಾಡತೊಡಗಿದ್ದರು.

"ಮದ್ದು ತಂದವರು ಇನ್ನೂ ಇಲ್ಲೇ ಕೂತಿದ್ದಾರೆ, ಚಾ ಕುಡೀತಾ," ಎಂದರು ಐಸಮ್ಮ. "ನಿನ್ನ ಹತ್ತಿರ ಮಾತಾಡ್ಬೇಕಂತೆ. ತಗೋ."

ಆ ಕಡೆ ಫೋನು ಕೈ ಬದಲಾಯಿಸಿತು. ಲೋಟವನ್ನು ಮೆಲ್ಲಗೆ ತಟ್ಟೆಯ ಮೇಲಿಟ್ಟ ಸದ್ದು.

"ಹೇಳು ಝಕರಿಯಾ," ಎಂದರು ಅಬ್ದುಲ್ ಲತೀಫ್. "ರಿಪೋರ್ಟ್ ಬರೆದಾಯ್ತಾ?"